ಚಾಳೀಸು ಬಂದ ಕಣ್ಣಿಗೆ ಪಿಸ್ತೂಲಿನ ಸೈಟ್

ನಲವತ್ತೈದು ದಾಟಿದ ಶೂಟರ್‌ಗಳ ದೂರು ಬೆಳಗಾವಿಯಲ್ಲೂ ಅದೇ, ವಿಜಯಪುರದಲ್ಲೂ ಅದೇ: ಟಾರ್ಗೆಟ್ ಚೊಕ್ಕ ಕಾಣುತ್ತದೆ, ಗುರಿ ಹಿಡಿಯಲು ಬ್ಯಾರೆಲ್ ತುದಿಯಲ್ಲಿರುವ ಮುಂದಿನ ಸೈಟ್ ಮಾತ್ರ ಮಸುಕು. ಯಾವ ಸೈಟ್ ಹಾಕಿಸಲಿ ಅಂತ ಕೇಳುತ್ತಾರೆ. ಸೈಟಿಗೆ ದುಡ್ಡು ಹಾಕುವ ಮೊದಲು ಕನ್ನಡಕದ ಅಂಗಡಿಗೆ ಹೋಗಿ ಬನ್ನಿ ಅನ್ನುವುದೇ ನನ್ನ ಉತ್ತರ. ನಂಬರ್ ತಪ್ಪಿದ್ದರೆ ಎಂಥ ದುಬಾರಿ ಸೈಟೂ ಮಸುಕಾಗಿಯೇ ಕಾಣುತ್ತದೆ.

ಮಸುಕು ಎಲ್ಲಿ ಇದ್ದರೆ ಎಷ್ಟು ನಷ್ಟ ಅನ್ನುವುದನ್ನು ಮೊದಲು ನೋಡೋಣ. ಏರ್ ಪಿಸ್ತೂಲಿನಲ್ಲಿ ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಸುಮಾರು 32 ಸೆಂ.ಮೀ. ಹಿಂದಿನ ಸೈಟಿನಲ್ಲಿರುವ ಕಚ್ಚು ನಾಚ್, ಮುಂದಿನ ಸೈಟಿನ ನಿಂತ ಪಟ್ಟಿ ಬ್ಲೇಡು; ಬ್ಲೇಡು ನಾಚ್ ನಡುವೆ ಕಾಣುವ ಹಾಗೆ ಗುರಿ ಹಿಡಿಯಬೇಕು. ಮುಂದಿನ ಬ್ಲೇಡು ಹಿಂದಿನ ನಾಚ್‌ನ ನಡುವಿನಿಂದ ಕಾಲು ಮಿ.ಮೀ. ಸರಿಯಿತು ಅನ್ನಿ. 10 ಮೀಟರ್ ದೂರದಲ್ಲಿ ಪೆಲೆಟ್ ಹತ್ತಿರ ಹತ್ತಿರ 8 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಆ ಟಾರ್ಗೆಟ್‌ನಲ್ಲಿ ಒಂದು ರಿಂಗಿಗೂ ಇನ್ನೊಂದಕ್ಕೂ ಇರುವ ಅಂತರವೇ 8 ಮಿ.ಮೀ. ಅದೇ ಸೈಟುಗಳು ಒಂದಕ್ಕೊಂದು ಸರಿಯಾಗಿದ್ದು, ಕೈ ಅಲುಗಿ ಇಡೀ ಪಿಸ್ತೂಲು ಕಾಲು ಮಿ.ಮೀ. ಸರಿದರೆ ಪೆಲೆಟ್ ಸರಿಯುವುದೂ ಕಾಲು ಮಿ.ಮೀ. ಮಾತ್ರ. ಇನ್ನು ಗಿಡ್ಡ ಬ್ಯಾರೆಲ್ಲಿನ ರಿವಾಲ್ವರ್‌ನಲ್ಲಿ ಸೈಟುಗಳ ಅಂತರ 10 ಸೆಂ.ಮೀ. ಇದ್ದರೆ ಅದೇ ಕಾಲು ಮಿ.ಮೀ. ತಪ್ಪು 25 ಮಿ.ಮೀ.ಗೆ ಹೋಗುತ್ತದೆ. ಹಾಗಾಗಿ ಟಾರ್ಗೆಟ್ ತುಸು ಮಸುಕಾದರೂ ನಡೆಯುತ್ತದೆ, ಮುಂದಿನ ಬ್ಲೇಡಿನ ಅಂಚು ಮಸುಕಾದರೆ ನಡೆಯುವುದಿಲ್ಲ.

ಈಗ ಅಳತೆ. ಪಿಸ್ತೂಲು ಖಾಲಿ ಇದೆ ಅಂತ ಎರಡು ಸಲ ನೋಡಿಕೊಳ್ಳಿ, ಗುಂಡು ಬೇರೆ ಕೋಣೆಯಲ್ಲಿರಲಿ. ರೇಂಜಿನಲ್ಲಿ ನಿಲ್ಲುವ ಹಾಗೆಯೇ ನಿಂತು ಕೈ ಚಾಚಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಕಣ್ಣಿನ ಹೊರಮೂಲೆಯಿಂದ ಮುಂದಿನ ಸೈಟಿನವರೆಗೆ ದರ್ಜಿಯ ಟೇಪಿನಲ್ಲಿ ಅಳೆಯಲಿ. ಏರ್ ಪಿಸ್ತೂಲಿನಲ್ಲಿ ಇದು 95 ಸೆಂ.ಮೀ. ಆಸುಪಾಸು ಬರುತ್ತದೆ, ಗಿಡ್ಡ ರಿವಾಲ್ವರ್‌ನಲ್ಲಿ 75ರ ಹತ್ತಿರ. 100ನ್ನು ಆ ಸೆಂ.ಮೀ.ನಿಂದ ಭಾಗಿಸಿ. 95ಕ್ಕೆ ಸುಮಾರು 1.05, 75ಕ್ಕೆ 1.33. ಕಣ್ಣಿನ ಫೋಕಸ್ ಪೂರ್ತಿ ಮುಂದಿನ ಸೈಟಿನ ಮೇಲೆಯೇ ಕೂರಬೇಕಾದರೆ ದೂರದ ನಂಬರಿಗೆ ಇಷ್ಟು ಪ್ಲಸ್ ಸೇರಬೇಕು. ಆದರೆ ಪೂರ್ತಿ ಸೇರಿಸಿದರೆ ಟಾರ್ಗೆಟ್ ಕರಗಿಹೋಗುತ್ತದೆ. ಅರ್ಧ ಸೇರಿಸಿ. ಏರ್ ಪಿಸ್ತೂಲಿಗೆ ಪ್ಲಸ್ 0.50, ರಿವಾಲ್ವರ್‌ಗೆ ಪ್ಲಸ್ 0.75 ಇಟ್ಟುಕೊಂಡು ಶುರು ಮಾಡಿ. ಆಗ ಫೋಕಸ್ ಸೈಟಿಗೂ ಟಾರ್ಗೆಟ್ಟಿಗೂ ನಡುವೆ ಬೀಳುತ್ತದೆ, ಎರಡೂ ಕೈಗೆ ಸಿಗುವಷ್ಟು ಕಾಣುತ್ತವೆ. ಬ್ಲೇಡಿನ ಅಂಚು ಇನ್ನೂ ತೆಳುವಾಗಿ ಒಡೆದ ಹಾಗೆ ಕಂಡರೆ 0.25 ಏರಿಸಿ, ಅದಕ್ಕಿಂತ ಹೆಚ್ಚಿಗೆ ಒಂದೇ ಸಲ ಏರಿಸಬೇಡಿ.

ದೂರದ ನಂಬರ್ ಮೈನಸ್ ಇದ್ದವರಿಗೂ ಲೆಕ್ಕ ಇದೇ. ಮೈನಸ್ 2.00 ಇದ್ದರೆ ಏರ್ ಪಿಸ್ತೂಲಿಗೆ ಮೈನಸ್ 1.50. ಸಿಲಿಂಡರ್ ನಂಬರ್ (ಗೆರೆಗಳು ಒಂದು ದಿಕ್ಕಿಗೆ ಮಸುಕಾಗುವ ಅಸ್ಟಿಗ್ಮಾಟಿಸಂ ದೋಷದ್ದು) ಇದ್ದರೆ ಅದನ್ನು ಬಿಡದೆ ಹಾಕಿಸಬೇಕು. ರಸ್ತೆ ಬದಿಯಲ್ಲಿ ಸಿಗುವ ಸಿದ್ಧ ಚಾಳೀಸಿನಲ್ಲಿ ಅದು ಇರುವುದಿಲ್ಲ.

ಓದುವ ಚಾಳೀಸನ್ನೇ ಹಾಕಿಕೊಂಡು ಗುರಿ ಹಿಡಿಯುವವರು ಬಹಳ. ಪ್ಲಸ್ 2.50 ಚಾಳೀಸಿನ ಫೋಕಸ್ 40 ಸೆಂ.ಮೀ.ನಲ್ಲಿ ನಿಲ್ಲುತ್ತದೆ. ಸೈಟ್ ಇರುವುದು ಅದರ ಎರಡು ಪಟ್ಟು ದೂರದಲ್ಲಿ. ಬ್ಲೇಡೂ ಹೋಯಿತು, ಟಾರ್ಗೆಟ್ಟೂ ಹೋಯಿತು. ಬೈಫೋಕಲ್‌ನ ತೊಂದರೆ ಬೇರೆ: ಹತ್ತಿರದ ನಂಬರ್ ಗಾಜಿನ ಕೆಳಗಿರುವುದರಿಂದ ತಲೆ ಹಿಂದಕ್ಕೆ ವಾಲುತ್ತದೆ, ಕತ್ತು ಬಿಗಿಯುತ್ತದೆ, ಹತ್ತು ಶಾಟ್ ಆಗುವಷ್ಟರಲ್ಲಿ ಕೈ ನಡುಗುತ್ತದೆ. ಪ್ರೋಗ್ರೆಸಿವ್‌ನಲ್ಲಿ (ಮೇಲಿನಿಂದ ಕೆಳಕ್ಕೆ ನಂಬರ್ ಬದಲಾಗುತ್ತ ಹೋಗುವ ಗಾಜು) ಬೇಕಾದ ನಂಬರ್ ಎಲ್ಲೋ ಮಧ್ಯದಲ್ಲಿ ಇದ್ದೇ ಇರುತ್ತದೆ, ಆದರೆ ಅದು ಕಿರಿದಾದ ಪಟ್ಟಿ. ತಲೆ ಎರಡು ಮಿ.ಮೀ. ಏರಿಳಿದರೂ ನಂಬರ್ ಬದಲಾಗಿರುತ್ತದೆ. ಶೂಟಿಂಗಿಗೆ ಅಂತಲೇ ಒಂದೇ ನಂಬರಿನ ಗಾಜು ಇರಲಿ. ಗುಂಡು ಸಿಡಿಸುವವರು ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಕೇಳಿ ಹಾಕಿಸಿ.

ಕನ್ನಡಕದ ಅಂಗಡಿಗೆ ಪಿಸ್ತೂಲು ಒಯ್ಯಬೇಡಿ, ಅಂಗಡಿಯವರು ಗಾಬರಿಯಾದಾರು. ಅಳೆದ ಉದ್ದಕ್ಕೆ ಸರಿಯಾಗಿ ಒಂದು ಕೋಲು ಕತ್ತರಿಸಿ, ತುದಿಗೆ 4.5 ಮಿ.ಮೀ. ಅಗಲದ ಕಪ್ಪು ರಟ್ಟಿನ ಪಟ್ಟಿ ನಿಲ್ಲಿಸಿ. ಅಂಗಡಿಯವರು ನಂಬರ್ ನೋಡಲು ಹಾಕುವ ಟ್ರಯಲ್ ಫ್ರೇಮಿನಲ್ಲಿ 0.25ರ ಹೆಜ್ಜೆಯಲ್ಲಿ ಗಾಜು ಬದಲಿಸುತ್ತ ಪಟ್ಟಿಯ ಮೇಲಂಚು ಯಾವಾಗ ಚೂಪಾಗುತ್ತದೆ, ಎದುರಿನ ಗೋಡೆಯ ಅಕ್ಷರ ಯಾವಾಗ ಕೆಡುತ್ತದೆ ಅಂತ ನೋಡಿ. ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಆದ ಮೇಲೆಯೇ ನಂಬರ್ ತೆಗೆಸಿ, ಸಕ್ಕರೆ ಏರಿಳಿದಂತೆ ನಂಬರೂ ಏರಿಳಿಯುತ್ತದೆ.

ಇಷ್ಟಾದ ಮೇಲೂ ಸಾಲದಿದ್ದರೆ ಸಣ್ಣ ತೂತು. ಕನ್ನಡಕದ ಗಾಜಿನ ಮೇಲೆ, ಗುರಿ ಹಿಡಿದಾಗ ಕಣ್ಣು ಹಾಯುವ ಜಾಗದಲ್ಲಿ, 1.5 ಮಿ.ಮೀ. ತೂತು ಮಾಡಿದ ಕಪ್ಪು ಟೇಪ್ ಅಂಟಿಸಿ. ಮಸುಕು ಎಷ್ಟು ಅನ್ನುವುದು ಎರಡು ವಿಷಯದ ಮೇಲಿದೆ: ನಂಬರ್ ಎಷ್ಟು ತಪ್ಪಿದೆ, ಕಣ್ಣಿನ ಪಾಪೆ ಎಷ್ಟು ಅಗಲ ತೆರೆದಿದೆ. 3 ಮಿ.ಮೀ. ಪಾಪೆಯ ಮುಂದೆ 1.5 ಮಿ.ಮೀ. ತೂತು ಇಟ್ಟರೆ ಮಸುಕು ಅರ್ಧಕ್ಕೆ ಇಳಿಯುತ್ತದೆ. ಬೆಳಕು ಮಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಚೆನ್ನಾಗಿ ಹೊಡೆದವರು ಬೆಳಗಾವಿಯ ಜುಲೈ ಮೋಡದಲ್ಲಿ ತಡವರಿಸುವುದೂ ಇದರಿಂದಲೇ. ಬಿಸಿಲಿಗೆ ಪಾಪೆ ತಾನೇ ಕಿರಿದಾಗಿರುತ್ತದೆ. ಒಳಾಂಗಣದಲ್ಲಿ ಟಾರ್ಗೆಟ್ಟಿಗಷ್ಟೇ ದೀಪ ಹಾಕಿ ಶೂಟರ್ ನಿಲ್ಲುವ ಜಾಗವನ್ನು ಕತ್ತಲು ಬಿಡುವುದು ಹಿರಿಯರಿಗೆ ಮಾಡುವ ಅನ್ಯಾಯ. ಇನ್ನೊಂದು ಕಣ್ಣನ್ನು ಮುಚ್ಚಬೇಡಿ, ಅದರ ಮುಂದೆ ಅರೆಪಾರದರ್ಶಕ ಪಟ್ಟಿ ಇಟ್ಟರೆ ಸಾಕು. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಂತೆ ಅದು 30 ಮಿ.ಮೀ.ಗಿಂತ ಅಗಲ ಇರಬಾರದು.

ಇನ್ನು ಸೈಟ್. ಸ್ಪರ್ಧೆಯ ಪಿಸ್ತೂಲಿಗೆ ಆಯ್ಕೆ ಕಡಿಮೆ. ಐಎಸ್‌ಎಸ್‌ಎಫ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ತೆರೆದ ಸೈಟ್ ಮಾತ್ರ ನಡೆಯುತ್ತದೆ. ಕನ್ನಡಕದಲ್ಲಿ ಗಾಜು ಇರಬಹುದು, ಪಿಸ್ತೂಲಿನ ಮೇಲೆ ಇರುವಂತಿಲ್ಲ. ಇಲ್ಲಿ ಬದಲಿಸಬಹುದಾದದ್ದು ಬ್ಲೇಡಿನ ಅಗಲ ಮತ್ತು ನಾಚ್‌ನ ಅಗಲ. ವಯಸ್ಸಾದ ಕಣ್ಣಿಗೆ ಬ್ಲೇಡು ಅಗಲ ಇರಲಿ, ಅದರ ಎರಡೂ ಪಕ್ಕದ ಬೆಳಕಿನ ಸಂದು ಇನ್ನೂ ಧಾರಾಳ ಇರಲಿ. 65 ಸೆಂ.ಮೀ. ದೂರದ ನಾಚ್‌ನೊಳಗೆ ನೋಡಿದಾಗ 97 ಸೆಂ.ಮೀ. ದೂರದ 4.5 ಮಿ.ಮೀ. ಬ್ಲೇಡು ಕಾಣುವುದು 3 ಮಿ.ಮೀ. ಅಗಲ. ನಾಚನ್ನು 4 ಮಿ.ಮೀ.ಗೆ ಇಟ್ಟರೆ ಪಕ್ಕಕ್ಕೆ ಅರ್ಧರ್ಧ ಮಿ.ಮೀ. ಉಳಿಯುತ್ತದೆ, ಎಳೆ ಕಣ್ಣಿಗೆ ಅದು ಸಾಕು. ನಮ್ಮ ಕಣ್ಣಿಗೆ ಎರಡೂ ಅಂಚಿನ ಮಸುಕು ಸೇರಿ ಆ ಸಂದನ್ನೇ ನುಂಗುತ್ತದೆ. 5 ಮಿ.ಮೀ.ಗೆ ತೆರೆದರೆ ಪಕ್ಕಕ್ಕೆ ಒಂದೊಂದು ಮಿ.ಮೀ. ಬೆಳಕು, ಎರಡೂ ಕಡೆ ಸಮ ಇದೆಯೇ ಅನ್ನುವುದು ತಟ್ಟನೆ ಗೊತ್ತಾಗುತ್ತದೆ. ಗುರಿಯನ್ನೂ ಕಪ್ಪು ವೃತ್ತದ ಬುಡಕ್ಕೆ ತಾಗಿಸದೆ ಕೆಳಗಿನ ಬಿಳಿ ಭಾಗದಲ್ಲಿ ಹಿಡಿಯಿರಿ. ಮಸುಕು ಕಣ್ಣಿಗೆ ಕಪ್ಪು ಬ್ಲೇಡೂ ಕಪ್ಪು ವೃತ್ತವೂ ಅಂಟಿಕೊಂಡು ಒಂದೇ ಮುದ್ದೆಯಾಗುತ್ತವೆ.

ಹೊಳೆಯುವ ಬ್ಲೇಡಿಗೆ ಕರ್ಪೂರದ ಮಸಿ ಹಿಡಿಸುವುದು ಹಳೆಯ ಉಪಾಯ, ಇವತ್ತಿಗೂ ಅದನ್ನು ಮೀರಿಸಿದ್ದು ಕಡಿಮೆ. ಗುಂಡು, ಗ್ಯಾಸ್ ಸಿಲಿಂಡರ್ ಎಲ್ಲ ದೂರ ಇಟ್ಟು, ಎಣ್ಣೆ ಒರೆಸಿ, ಹೊಗೆಯ ತುದಿಗೆ ಬ್ಲೇಡು ಕ್ಷಣಹೊತ್ತು ಹಿಡಿದರೆ ಸಾಕು.

ತೋಟದ ಮನೆಯ ಕಾವಲಿಗೆ ಅಂತ ಲೈಸೆನ್ಸ್ ಮಾಡಿಸಿ ಕಾನ್ಪುರದ .32 ರಿವಾಲ್ವರ್ ಇಟ್ಟುಕೊಂಡವರ ಸಂಗತಿ ಬೇರೆ. ಅದರ ಸೈಟುಗಳು ಕದಲದಂಥವು. ಅಲ್ಲಿ ಬಣ್ಣವೇ ದಾರಿ. ಬ್ಲೇಡಿನ ಹಿಂಬದಿಯನ್ನು ಥಿನ್ನರ್‌ನಲ್ಲಿ ಒರೆಸಿ, ಮೊದಲು ಬಿಳಿ ನೇಲ್ ಪಾಲಿಶ್ ಎರಡು ಕೋಟು, ಒಣಗಿದ ಮೇಲೆ ಕಡು ಕಿತ್ತಳೆ ಎರಡು ಕೋಟು. ಬಿಳಿ ಇಲ್ಲದೆ ಕಿತ್ತಳೆ ಹಚ್ಚಿದರೆ ಕಬ್ಬಿಣದ ಕಪ್ಪಿಗೆ ಮಂಕಾಗುತ್ತದೆ. ಮೇಲಂಚಿನ ಮೇಲೆ ಹನಿ ನಿಲ್ಲಬಾರದು. ನಿಂತರೆ ಅಂಚು ಗುಂಡಾಗುತ್ತದೆ, ಎತ್ತರದ ಅಂದಾಜು ತಪ್ಪುತ್ತದೆ.

ಸೈಟ್ ಬದಲಿಸಬಹುದಾದ ಪಿಸ್ತೂಲಿದ್ದರೆ ಅಂಗಡಿಯವರು ಮೊದಲು ತೋರಿಸುವುದು ಮೂರು ಬಿಳಿ ಚುಕ್ಕೆಯದ್ದನ್ನು. ನನಗದು ಒಪ್ಪಿಗೆಯಿಲ್ಲ. ಹತ್ತಿರದ ಕಣ್ಣು ಸೋತವರಿಗೆ ಮೂರೂ ಚುಕ್ಕೆ ಊದಿಕೊಂಡು ಯಾವುದು ಮುಂದಿನದು ಅನ್ನುವುದೇ ಗೊಂದಲ. ಹಿಂದೆ ಬರೀ ಕಪ್ಪು ನಾಚ್, ಮುಂದೆ ಒಂದೇ ಫೈಬರ್ ಆಪ್ಟಿಕ್ ಚುಕ್ಕೆ ಇದ್ದರೆ ಕಣ್ಣು ಸೀದಾ ಅಲ್ಲಿಗೆ ಹೋಗುತ್ತದೆ. ಆದರೆ ಫೈಬರ್‌ಗೆ ಬೆಳಕು ಹೊರಗಿನಿಂದ ಬರಬೇಕು, ರಾತ್ರಿ ಅದು ಸತ್ತಂತೆ. ವಿಕಿರಣಶೀಲ ಟ್ರಿಟಿಯಂ ತುಂಬಿದ ಸೈಟ್ ರಾತ್ರಿ ತಾನೇ ಹೊಳೆಯುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯುವ ಕಾಲ, 12.3 ವರ್ಷ, ಹಳೆಯದನ್ನು ಕೊಳ್ಳುವಾಗ ತಯಾರಾದ ವರ್ಷ ನೋಡಿ.

ಮುಂದಿನ ಸೈಟ್ ಬದಲಿಸಿದರೆ ಎತ್ತರವೂ ಬದಲಾಗುತ್ತದೆ. ಸೈಟುಗಳ ಅಂತರ 150 ಮಿ.ಮೀ. ಇದ್ದು 10 ಮೀಟರ್‌ನಲ್ಲಿ ಗುಂಡು 60 ಮಿ.ಮೀ. ಕೆಳಗೆ ಬಿದ್ದರೆ, 150ನ್ನು 60ರಿಂದ ಗುಣಿಸಿ 10,000ದಿಂದ ಭಾಗಿಸಿ: 0.9. ಮುಂದಿನ ಬ್ಲೇಡು ಅಷ್ಟು ಮಿ.ಮೀ. ಗಿಡ್ಡ ಇರಬೇಕು. ಈ ಕೆಲಸ ಮನೆಯಲ್ಲಿ ಅರ ಹಿಡಿದು ಮಾಡುವುದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿಯ ವ್ಯವಹಾರಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು, ಅದು ಇದ್ದವರ ಕೈಗೇ ಕೊಡಿ.

ನಿಯಮ ಅಡ್ಡಿ ಇಲ್ಲದ ಕಡೆ, ಕೂರಿಸಲು ಜಾಗ ಇರುವ ಪಿಸ್ತೂಲಿಗೆ, ಸೋತ ಕಣ್ಣಿಗೆ ರೆಡ್ ಡಾಟ್‌ನಂಥದ್ದು ಇನ್ನೊಂದಿಲ್ಲ. ಇದು ಪುಟ್ಟ ಗಾಜಿನಲ್ಲಿ ಕೆಂಪು ಬೆಳಕಿನ ಚುಕ್ಕೆ ತೋರಿಸುವ ಸೈಟ್. ಚುಕ್ಕೆಯ ಬಿಂಬ ಬಹುದೂರದಲ್ಲಿ ಇದ್ದ ಹಾಗೆ ಕಾಣುವುದರಿಂದ ಹತ್ತಿರದ ಫೋಕಸ್ಸೇ ಬೇಡ. ಇದಕ್ಕೆ ದೂರದ ನಂಬರಿನ ಕನ್ನಡಕ ಹಾಕಬೇಕು, ಮೇಲೆ ಹೇಳಿದ ಪ್ಲಸ್ ಸೇರಿಸಿದರೆ ಚುಕ್ಕೆಯೇ ಮಸುಕಾಗುತ್ತದೆ. 3 ಎಂಒಎ (ಒಂದು ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಚುಕ್ಕೆ 10 ಮೀಟರ್‌ನಲ್ಲಿ ಸುಮಾರು 9 ಮಿ.ಮೀ. ಮುಚ್ಚುತ್ತದೆ, 6 ಎಂಒಎ 17 ಮಿ.ಮೀ. ಕಾಗದದ ಟಾರ್ಗೆಟ್ಟಿಗೆ ಮೊದಲನೆಯದು, ಬೇಗ ಕಣ್ಣಿಗೆ ಬೀಳಬೇಕಾದಲ್ಲಿ ಎರಡನೆಯದು.

ಕೊಳ್ಳುವ ಮೊದಲು ಸೈಟನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಿ. ಚುಕ್ಕೆ ಬಾಲ ಬಿಟ್ಟ ಹಾಗೆ, ಅಲ್ಪವಿರಾಮದ ಹಾಗೆ ಕಂಡರೆ ಸೈಟನ್ನು ನಿಧಾನಕ್ಕೆ ತಿರುಗಿಸಿ. ಬಾಲ ಸೈಟಿನ ಜೊತೆ ತಿರುಗದೆ ಇದ್ದಲ್ಲೇ ನಿಂತರೆ ದೋಷ ಕಣ್ಣಿನ ಸಿಲಿಂಡರ್ ನಂಬರಿನದು. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೂ ತಿಳಿಯುತ್ತದೆ, ಅಲ್ಲಿ ದುಂಡಗೆ ಕಂಡರೆ ಸೈಟ್ ಸರಿಯಿದೆ. ಹೊಳಪು ಇಳಿಸಿ, ಸಿಲಿಂಡರ್ ಸರಿಯಿರುವ ಕನ್ನಡಕ ಹಾಕಿ ಮತ್ತೆ ನೋಡಿ. ಮೋತಿಬಿಂದು (ಕಣ್ಣಿನ ಪೊರೆ) ಇದ್ದವರಿಗೆ ಚುಕ್ಕೆಯ ಸುತ್ತ ಪ್ರಭೆ ಕಾಣುತ್ತದೆ. ಆಪರೇಷನ್ ಆಗಿ ಹಲವು ದೂರಕ್ಕೆ ಫೋಕಸ್ ಇರುವ ಮಲ್ಟಿಫೋಕಲ್ ಲೆನ್ಸ್ ಹಾಕಿಸಿಕೊಂಡ ಹಲವರಿಗೂ ಅದೇ ಪಾಡು. ಆಪರೇಷನ್ ಇನ್ನೂ ಬಾಕಿ ಇದ್ದರೆ ಡಾಕ್ಟರ್ ಹತ್ತಿರ ಶೂಟಿಂಗ್ ಹವ್ಯಾಸದ ಮಾತು ಮೊದಲೇ ಎತ್ತಿ. ದೂರಕ್ಕೆ ಹೊಂದಿಸಿದ, ಒಂದೇ ಫೋಕಸಿನ ಮೊನೊಫೋಕಲ್ ಲೆನ್ಸ್ ಹಾಕಿಸಿಕೊಂಡರೆ ರೆಡ್ ಡಾಟಿಗೆ ಕನ್ನಡಕವೇ ಬೇಡವಾಗಬಹುದು, ಬ್ಲೇಡು ಸೈಟಿಗೆ ಆ 0.50 ಅಥವಾ 0.75ರ ಗಾಜೊಂದು ಸಾಕಾಗುತ್ತದೆ.