ಕಣದಲ್ಲಿ ಕೂತು ಕಣದ ಲೆಕ್ಕ

ಸೋಮವಾರಪೇಟೆ
18 ಜನವರಿ 2025, ಶನಿವಾರ

ಬೆಳಗ್ಗೆ ಒಂಬತ್ತಾದರೂ ಮಂಜು ಬಿಟ್ಟಿರಲಿಲ್ಲ. ಹತ್ತಕ್ಕೆ ಬಿಸಿಲು ಬಂತು ನೋಡಿ, ಚುರುಕು ಅಂದರೆ ಚುರುಕು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿದ ಕಾಫಿ ಬೀಜ) ಒಣಗಿಸುವ ಕಣದಲ್ಲಿ ಹರವಲು ಹೊರಟಿದ್ದ ಚಿಕ್ಕಮ್ಮ ಮುಖಕ್ಕೆ ಸನ್‌ಸ್ಕ್ರೀನ್ ಬಳಿದುಕೊಳ್ಳುತ್ತಾ ಗೊಣಗಿದಳು: "ಹೋದ ವರ್ಷದ್ದು ಹಚ್ಚಿದರೆ ಮುಖ ಸುಣ್ಣ ಹೊಡೆದ ಗೋಡೆ ಥರ ಕಾಣ್ತಿತ್ತು. ಇದು ಹಚ್ಚಿದ್ದೇ ಗೊತ್ತಾಗಲ್ಲ. ಒಳಗೆ ಏನಾದರೂ ಇದೆಯೋ ಇಲ್ಲವೋ!"

ಟ್ಯೂಬ್ ತಿರುಗಿಸಿ ನೋಡಿದೆ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್. ಯಾವುದರಿಂದ ನಾಲ್ಕು ದಿನ ತಪ್ಪಿಸಿಕೊಳ್ಳೋಣ ಅಂತ ಲ್ಯಾಬ್ ಬಿಟ್ಟು ಬಂದಿದ್ದೆನೋ, ಅವೇ ಎರಡು ಇಲ್ಲೂ ಬಂದು ಕೂತಿವೆ.

ಗೋಡೆಯ ಬಿಳಿ ಪೇಂಟಿನಲ್ಲಿರುವುದೂ ಇದೇ ಟೈಟಾನಿಯಂ ಡೈಆಕ್ಸೈಡ್ ಅಂದೆ. ಅಲ್ಲಿ ಕಣಗಳು 200–300 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್) ಇರುತ್ತವೆ, ಕಣ್ಣಿಗೆ ಕಾಣುವ ಬೆಳಕಿನ ತರಂಗದ ಅರ್ಧದಷ್ಟು. ಆ ಅಳತೆಯಲ್ಲಿ ಬೆಳಕನ್ನು ಜೋರಾಗಿ ಚದುರಿಸಿ ಬೆಳ್ಳಗೆ ಕಾಣುತ್ತವೆ. 20–30ಕ್ಕೆ ಇಳಿಸಿದರೆ ಆ ಬೆಳಕು ಹಾಗೇ ದಾಟಿ ಹೋಗುತ್ತದೆ, ಅತಿನೇರಳೆಯನ್ನು ಮಾತ್ರ ಹೀರಿಕೊಳ್ಳುತ್ತವೆ.

"ಅಷ್ಟು ಸಣ್ಣದನ್ನ ಅಳೆಯೋದು ಹೇಗೆ?"

ಅದನ್ನೇ ಕೇಳಬಾರದಿತ್ತು. ನವೆಂಬರಿನಲ್ಲಿ ಇಂಥದ್ದೇ ಒಂದು ಕ್ರೀಮನ್ನು ನೀರಿಗೆ ಕದಡಿ ಡಿಎಲ್‌ಎಸ್ (ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್) ಯಂತ್ರಕ್ಕೆ ಕೊಟ್ಟಿದ್ದೆ. ಕಣಗಳು ನೀರಿನಲ್ಲಿ ಎಷ್ಟು ಬೇಗ ನಡುಗುತ್ತವೆ ಅನ್ನುವುದನ್ನು ಲೇಸರ್ ಬೆಳಕಿನ ಮಿಣುಕಿನಿಂದ ಹಿಡಿದು ಗಾತ್ರ ಹೇಳುತ್ತದೆ ಅದು. 210 ನ್ಯಾನೋಮೀಟರ್ ಅಂತ ಹೇಳಿತು. ಹೇಳದೇ ಏನು ಮಾಡೀತು, ಕ್ರೀಮಿನಲ್ಲಿರುವ ಎಣ್ಣೆಯ ಹನಿಗಳೂ ನಡುಗುತ್ತಿರುತ್ತವಲ್ಲ! ಹೆಕ್ಸೇನ್‌ನಲ್ಲಿ ತೊಳೆದು ಎಣ್ಣೆ ತೆಗೆದೆ. ಆಮೇಲೆ ಕಣಗಳು ಮುದ್ದೆಯಾಗದಿರಲಿ ಅಂತ ಎರಡು ಹನಿ ಆಸಿಡ್ ಬಿಟ್ಟೆ. ಹಾಲಿನಂತಿದ್ದ ಶೀಷೆ ಕಣ್ಣೆದುರೇ ಅರ್ಧಕ್ಕರ್ಧ ತಿಳಿಯಾಯಿತು. ಜಿಂಕ್ ಆಕ್ಸೈಡ್ ಆಸಿಡ್‌ನಲ್ಲಿ ಕರಗುತ್ತದೆ ಅನ್ನುವುದು ಕಾಲೇಜು ಹುಡುಗರಿಗೂ ಗೊತ್ತು. ಅಳೆಯಬೇಕಾದ್ದನ್ನೇ ಕರಗಿಸಿ ಕೂತಿದ್ದೆ. ನನ್ನ ಸಂಶೋಧನೆಯ ಗೈಡ್ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಉಳಿದ ಟೈಟಾನಿಯಂ ಅನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ 210 ಎಲ್ಲಿ ಬಂತು? ಜೀರಿಗೆ ಕಾಳಿನ ಹಾಗೆ ಉದ್ದುದ್ದ ಕಣಗಳು, ಉದ್ದ 50, ಅಗಲ ಹತ್ತು ಹನ್ನೆರಡು. ಅಲ್ಲಲ್ಲಿ ಗುಂಪು ಕಟ್ಟಿಕೊಂಡಿದ್ದವು. ಯಾವುದನ್ನು ಗಾತ್ರ ಅನ್ನುವುದು?

ಚಿಕ್ಕಮ್ಮನಿಗೆ ಇದನ್ನು ಹೇಳಲು ಕಾಫಿಗಿಂತ ಒಳ್ಳೆಯ ದಾರಿ ಇರಲಿಲ್ಲ. ಕ್ಯೂರಿಂಗ್‌ನಲ್ಲಿ (ಬೀಜದ ಹೊಟ್ಟು ಬಿಡಿಸಿ ವಿಂಗಡಿಸುವಲ್ಲಿ) ಜರಡಿ ಹಿಡಿದು ಎ, ಬಿ, ಸಿ ಅಂತ ಬೇರೆ ಮಾಡುತ್ತಾರಲ್ಲ, ಆ ದುಂಡು ತೂತು ಬೀಜದ ಅಗಲವನ್ನಷ್ಟೇ ನೋಡುತ್ತದೆ, ಉದ್ದ ಅದಕ್ಕೆ ಬೇಡ. ಪೀಬೆರಿಗೆ, ಅಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜಕ್ಕೆ, ಬೇರೆಯದೇ ಜರಡಿ. ಇನ್ನು ಲೆಕ್ಕ. ನೀನು ತೂಕ ಹಾಕುತ್ತೀಯ. ಯುರೋಪಿನವರು 2011ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲಿ ಕಾಳು ಎಣಿಸಬೇಕು: ನೂರಕ್ಕೆ ಐವತ್ತು ಕಣಗಳ ಒಂದಾದರೂ ಅಳತೆ 1ರಿಂದ 100 ನ್ಯಾನೋಮೀಟರ್ ಒಳಗಿದ್ದರೆ ಅದು ನ್ಯಾನೋ. ಗುಂಪಿನೊಳಗಿನ ಕಣವನ್ನೂ ಬಿಡಿಯಾಗಿಯೇ ಎಣಿಸಬೇಕು. 200ರ ಒಂದು ಉಂಡೆಯ ತೂಕಕ್ಕೆ 20ರ ಸಾವಿರ ಉಂಡೆ ಬೇಕು. ಅದು ಚದುರಿಸುವಷ್ಟು ಬೆಳಕನ್ನು ಚದುರಿಸಲು ಹೆಚ್ಚುಕಡಿಮೆ ಹತ್ತು ಲಕ್ಷ ಬೇಕು. ಡಿಎಲ್‌ಎಸ್ ಕಾಳೂ ಎಣಿಸುವುದಿಲ್ಲ, ತೂಕವೂ ಹಾಕುವುದಿಲ್ಲ, ಬೆಳಕನ್ನು ನೋಡುತ್ತದೆ. ಹತ್ತು ದಪ್ಪನೆಯವರು ಕೂಗಿದರೆ ಊರೇ ಕೂಗಿತು ಅನ್ನುತ್ತದೆ.

ಅದಕ್ಕೇ ಬರೀ "40 ನ್ಯಾನೋಮೀಟರ್" ಅಂತ ಬರೆದ ವರದಿ ಕಂಡರೆ ನನಗೆ ಸಿಟ್ಟು. ಎಣಿಸಿದ್ದೋ, ತೂಗಿದ್ದೋ, ಬೆಳಕಿಗೆ ಹಿಡಿದದ್ದೋ? ಯುರೋಪಿನ ಕ್ರೀಮುಗಳ ಘಟಕಗಳ ಪಟ್ಟಿಯಲ್ಲಿ 2013ರಿಂದ ಘಟಕದ ಹೆಸರಿನ ಪಕ್ಕ ಆವರಣದಲ್ಲಿ "ನ್ಯಾನೋ" ಅಂತ ಹಾಕಲೇಬೇಕು. ಆ ಒಂದು ಪದಕ್ಕಾಗಿ ಯಾರೋ ಕೂತು ನೂರಾರು ಜೀರಿಗೆ ಕಾಳುಗಳ ಅಗಲಕ್ಕೆ ಗೆರೆ ಎಳೆದಿರುತ್ತಾರೆ. ನಾನು ಮುನ್ನೂರು ಎಳೆದಿದ್ದೇನೆ. ಕಣ್ಣು ಈಗಲೂ ಉರಿಯುತ್ತದೆ.

"ಚರ್ಮದೊಳಗೆ ಇಳಿಯುತ್ತಾ?" ಗಾಯವಿಲ್ಲದ ಚರ್ಮದಲ್ಲಿ ಬಹುಪಾಲು ಮೇಲಿನ ಸತ್ತ ಪದರದಲ್ಲೇ ನಿಲ್ಲುತ್ತದೆ ಅಂದೆ. ಸ್ಪ್ರೇ ಮಾತ್ರ ಬೇಡ, ಉಸಿರಿನ ಜೊತೆ ಒಳಗೆ ಹೋಗುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಕಣದ ಒಂದು ಮೂಲೆಯ ಕಾಫಿಗೆ ಕೈಯಾಡಿಸುವುದು ಮರೆತು, ಇಬ್ಬರಿಗೂ ಚಿಕ್ಕಪ್ಪನಿಂದ ಬೈಗುಳ ಆಯಿತು.

ಸಂಜೆ ಟಾರ್ಪಾಲು ಮುಚ್ಚುವಾಗ ಮೆಲ್ಲಗೆ ಕೇಳಿದೆ, ಆ ಟ್ಯೂಬಿನಲ್ಲಿ ಉಳಿದದ್ದನ್ನು ಲ್ಯಾಬ್‌ಗೆ ಒಯ್ಯಲೇ ಅಂತ. "ಕುಯ್ಲು ಮುಗೀಲಿ," ಅಂದಳು. "ಅದೂ ಕರಗಿಸಿಬಿಟ್ಟೀಯ."