ಗಡಿಯಾದ ನದಿಗೆ ಗ್ರಂಥದಲ್ಲಿ ಜಾಗ

ಜರ್ಮನಿಯ ಪಸ್ಸಾವ್‌ನಲ್ಲಿ ಮನೆ ಮಾಡಿದ್ದೇನೆ ಎಂದಾಗ ಕಲಬುರಗಿಯ ಗೆಳೆಯರು ವಿಚಾರಿಸಿದ್ದು ಚಳಿಯನ್ನು ಮತ್ತು ಜೋಳದ ರೊಟ್ಟಿಯನ್ನು. ಚಳಿಗೆ ಬರವಿಲ್ಲ, ರೊಟ್ಟಿಯನ್ನು ನಾವೇ ಬಡಿದುಕೊಳ್ಳಬೇಕು. ಭೀಮೆಯ ದಂಡೆಯವಳಾದ ಅವ್ವ ಮಾತ್ರ ಮಳೆಗಾಲ ಬಂತೆಂದರೆ ಫೋನಿನಲ್ಲಿ ಮೊದಲು ಹೊಳೆಯ ಸುದ್ದಿ ಕೇಳುತ್ತಾಳೆ.

ಹೇಳಲು ಸುದ್ದಿ ಬೇಕಾದಷ್ಟಿರುತ್ತದೆ. ಡ್ಯಾನ್ಯೂಬ್, ಇನ್, ಇಲ್ಟ್ಸ್ ಎಂಬ ಮೂರು ನದಿಗಳು ಇಲ್ಲಿ ಕೂಡುತ್ತವೆ. ಇಲ್ಟ್ಸ್ ನೀರು ಕಪ್ಪು, ಆಲ್ಪ್ಸ್‌ನಿಂದ ಬರುವ ಇನ್ ನದಿಯದು ಬೂದುಹಸಿರು. ಕೂಡಿದ ಮೇಲೂ ಒಂದಷ್ಟು ದೂರ ಬಣ್ಣಗಳು ಬೆರೆಯದೆ ಅಕ್ಕಪಕ್ಕ ಹರಿಯುತ್ತವೆ. ವರ್ಷದ ಸರಾಸರಿ ಹಿಡಿದರೆ ಡ್ಯಾನ್ಯೂಬ್‌ಗಿಂತ ಇನ್ ತರುವ ನೀರೇ ಹೆಚ್ಚು, ಮುಂದಕ್ಕೆ ಹೆಸರು ಮಾತ್ರ ಡ್ಯಾನ್ಯೂಬ್‌ನದು. ಹಳೆಯ ಪುರಭವನದ ಗೋಡೆಯ ಮೇಲೆ ಹಿಂದಿನ ಪ್ರವಾಹಗಳ ಗೆರೆಯನ್ನೂ ಇಸವಿಯನ್ನೂ ಗುರುತು ಮಾಡಿದ್ದಾರೆ. 2013ರ ಜೂನ್‌ನಲ್ಲಿ ನೀರಿನ ಮಟ್ಟ 12.89 ಮೀಟರ್ ಮುಟ್ಟಿತ್ತು. ಆ ಗೆರೆಯನ್ನು ತಲೆಯೆತ್ತಿ ನೋಡಬೇಕು.

ಡ್ಯಾನ್ಯೂಬ್ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇದನ್ನು ಇಸ್ಟ್ರೋಸ್ ಎಂದು ಕರೆದು, ಕೆಲ್ಟರ ನಾಡಿನ ಪಿರೇನೆ ಎಂಬ ಪಟ್ಟಣದ ಬಳಿ ಹುಟ್ಟಿಸಿ, ನೈಲ್ ನದಿಗೆ ಸರಿಜೋಡಿ ಮಾಡಿದ. ನಿಜವಾಗಿ ಅದು ಹುಟ್ಟುವುದು ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ಕಡೆ. ಮೂಲ ಯಾವ ಒರತೆ ಎಂಬ ಜಗಳ ಡೊನಾವೆಶಿಂಗನ್, ಫುರ್ಟ್‌ವಾಂಗನ್ ಊರುಗಳ ನಡುವೆ ಹಳೆಯದು. ರೋಮನ್ನರು ಬಂದ ಮೇಲೆ ಡ್ಯಾನ್ಯೂಬ್ ಎಂದರೆ ಸಾಮ್ರಾಜ್ಯದ ಬೇಲಿ. ಪಸ್ಸಾವ್‌ನಲ್ಲಿ ಇನ್ ನದಿಯೂ ರೇಟಿಯಾ ಮತ್ತು ನೋರಿಕಮ್ ಪ್ರಾಂತಗಳ ಗಡಿಯಾಗಿತ್ತು.

ನನಗೆ ಹಿಡಿಸಿದ್ದು ಆ ಬೇಲಿ ಮುರಿದ ಕಾಲದ ಬರಹ. 5ನೆಯ ಶತಮಾನದಲ್ಲಿ ಈ ಗಡಿಯಲ್ಲಿದ್ದ ಸಂತ ಸೆವೆರಿನಸ್‌ನ ಜೀವನಚರಿತ್ರೆಯನ್ನು ಅವನ ಶಿಷ್ಯ ಯೂಜಿಪ್ಪಿಯಸ್ 511ರ ಸುಮಾರಿಗೆ ಬರೆದ. ಗಡಿ ಕಾಯುವ ಸೈನಿಕರಿಗೆ ಸಂಬಳ ನಿಂತುಹೋಗಿ ದಳಗಳು ಕರಗುತ್ತಿವೆ. ಪಸ್ಸಾವ್‌ನ ದಳದ ಕೆಲವರು ಕೊನೆಯ ಸಂಬಳವನ್ನಾದರೂ ತರುತ್ತೇವೆಂದು ಇಟಲಿಗೆ ಹೊರಡುತ್ತಾರೆ. ದಾರಿಯಲ್ಲೇ ಶತ್ರುಗಳು ಅವರನ್ನು ಕೊಲ್ಲುತ್ತಾರೆ. ಊರಿಗೆ ಗೊತ್ತೇ ಆಗುವುದಿಲ್ಲ. ಒಂದು ದಿನ ಕೋಣೆಯಲ್ಲಿ ಓದುತ್ತಾ ಕುಳಿತಿದ್ದ ಸಂತ ಪುಸ್ತಕ ಮುಚ್ಚಿ, ನಿಟ್ಟುಸಿರಿಟ್ಟು, ಬೇಗ ಹೊಳೆಗೆ ಓಡಿರೆನ್ನುತ್ತಾನೆ. ಹೆಣಗಳನ್ನು ನದಿಯೇ ದಂಡೆಗೆ ತಂದು ಹಾಕಿದೆ. ಸಾಮ್ರಾಜ್ಯವೊಂದರ ಪತನದ ಬಗ್ಗೆ ಇಷ್ಟು ಚಿಕ್ಕದಾದ, ಇಷ್ಟು ನಿಚ್ಚಳವಾದ ವರದಿಯನ್ನು ನಾನು ಬೇರೆಲ್ಲೂ ಓದಿಲ್ಲ.

ಇದನ್ನೆಲ್ಲ ಓದುವಾಗ ನಮ್ಮ ಕಡೆಯ ಹೊಳೆಗಳ ಪರವಾಗಿ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದಿತು. ಅದು ಅಮೋಘವರ್ಷ ನೃಪತುಂಗನ ಆಸ್ಥಾನದ ಕೃತಿ. ಅವನ ರಾಜಧಾನಿ ಮಾನ್ಯಖೇಟ, ನಮ್ಮ ಸೇಡಂ ತಾಲ್ಲೂಕಿನ ಮಳಖೇಡ, ಇರುವುದು ಕಾಗಿಣಾ ದಂಡೆಯ ಮೇಲೆ. ಆ ಸಾಲಿನಲ್ಲಿ ಕಾಗಿಣೆಯೂ ಇಲ್ಲ, ಅದು ಸೇರುವ ಭೀಮೆಯೂ ಇಲ್ಲ. ದೂರದ ಗಡಿಗಳಿಗೆ ಸಿಕ್ಕ ಮರ್ಯಾದೆ ಅರಮನೆಯ ಪಕ್ಕದ ಹೊಳೆಗೆ ಸಿಗಲಿಲ್ಲ. ಭೀಮೆಯ ಮಗ್ಗುಲಲ್ಲೇ, ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನವೂ ಧರ್ಮದ ಮಾತಾಡುತ್ತದೆಯೇ ಹೊರತು ಹೊಳೆಯ ಮಾತನ್ನಲ್ಲ.

ಗಾಣಗಾಪುರದವರು ಇದಕ್ಕೆ ತಕರಾರು ತೆಗೆಯಬಹುದು, ಅದು ನ್ಯಾಯವೇ. ಸರಸ್ವತಿ ಗಂಗಾಧರರ ಮರಾಠಿ ಗುರುಚರಿತ್ರೆಯಲ್ಲಿ ಭೀಮಾ-ಅಮರಜಾ ಸಂಗಮಕ್ಕೆ ದೊಡ್ಡ ಜಾಗವಿದೆ. ನೃಸಿಂಹ ಸರಸ್ವತಿಗಳು ಸ್ನಾನಕ್ಕೆ ಇಳಿಯುವ ಆ ಹೊಳೆ ಅಲ್ಲಿ ಯಾರ ಗಡಿಯೂ ಅಲ್ಲ.