ಊರಿಗೆಲ್ಲ ಒಂದೇ ಹಂಡೆ

ನಮ್ಮ ಮನೆಯಲ್ಲಿ ಗೀಸರ್ ಇಲ್ಲ. ಗ್ಯಾಸ್ ಸಿಲಿಂಡರ್ ಇಲ್ಲ. ಪ್ಲಗ್ ಹಾಕಿ ಕೋಣೆ ಬಿಸಿ ಮಾಡುವ ಹೀಟರ್ ಕೂಡ ಇಲ್ಲ. ಆದರೂ ಜನವರಿಯಲ್ಲಿ ಹೊರಗೆ ನೀರು ಹೆಪ್ಪುಗಟ್ಟಿದಾಗ ಮನೆಯೊಳಗೆ ತೆಳು ಅಂಗಿಯಲ್ಲೇ ಓಡಾಡಬಹುದು. ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಬಿಸಿನೀರು ಬರುತ್ತದೆ.

ನಾವಿರುವುದು ಡೆನ್ಮಾರ್ಕಿನ ಫ್ಯುನ್ ದ್ವೀಪದಲ್ಲಿ. ಒಡೆನ್ಸೆ ನಗರಕ್ಕೆ ಹತ್ತಿರದ ಒಂದು ಸಣ್ಣ ಊರು. ಊರಿನ ಅಂಚಿನಲ್ಲಿ ಒಂದು ಶಾಖ ಘಟಕ ಇದೆ. ಅಲ್ಲಿ ನೀರು ಕಾಯಿಸಿ, ನೆಲದಡಿಯ ಕೊಳವೆಗಳಲ್ಲಿ ಮನೆ ಮನೆಗೆ ಕಳಿಸುತ್ತಾರೆ. ಹಳ್ಳಿಮನೆಯ ಬಚ್ಚಲಲ್ಲಿ ಒಲೆ ಮೇಲೆ ಕೂರಿಸಿದ ತಾಮ್ರದ ಹಂಡೆ ನೆನಪಿದೆ ಅಲ್ವಾ? ಇಲ್ಲಿ ಊರಿಗೆಲ್ಲ ಸೇರಿ ಒಂದೇ ಹಂಡೆ. ಈ ದೇಶದ ಮೂರರಲ್ಲಿ ಎರಡು ಪಾಲು ಮನೆಗಳು ಚಳಿಗಾಲ ಕಳೆಯುವುದು ಹೀಗೆಯೇ.

ಡೆನ್ಮಾರ್ಕ್ ಅಂದರೆ ಕರ್ನಾಟಕದಲ್ಲಿ ಎಲ್ಲರೂ ಕೇಳುವುದು ಗಾಳಿಯಂತ್ರಗಳ ಬಗ್ಗೆ. ಕೇಳಬೇಕಾದದ್ದೇ. ಇಲ್ಲಿನ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯಿಂದ ಬರುತ್ತದೆ. ಆದರೆ ಇಷ್ಟು ವರ್ಷ ಇಲ್ಲಿ ಬಾಳಿದ ಮೇಲೆ ನನಗೆ ಗಾಳಿಯಂತ್ರಕ್ಕಿಂತ ದೊಡ್ಡದಾಗಿ ಕಾಣುವುದು ಈ ಕೊಳವೆಗಳು. ಫೋಟೋಗೆ ಸಿಗುವುದಿಲ್ಲ, ರಸ್ತೆ ಅಗೆದಾಗ ಮಾತ್ರ ಕಾಣುತ್ತವೆ. ಅವುಗಳ ಬಗ್ಗೆಯೇ ಬರೆಯಬೇಕು ಅನ್ನಿಸಿತು.

ನಮ್ಮ ಮನೆಗೆ ಎರಡು ಕೊಳವೆ ಬರುತ್ತವೆ. ಒಂದರಲ್ಲಿ ಸುಮಾರು 70 ಡಿಗ್ರಿಯ ನೀರು ಒಳಗೆ ಬರುತ್ತದೆ, ಇನ್ನೊಂದರಲ್ಲಿ ಶಾಖ ಬಿಟ್ಟುಕೊಟ್ಟ ನೀರು ಘಟಕಕ್ಕೆ ವಾಪಸ್ ಹೋಗುತ್ತದೆ. ಆ ನೀರನ್ನೇ ನಾವು ಸ್ನಾನಕ್ಕೆ ಬಳಸುವುದಿಲ್ಲ. ಮನೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇದೆ. ಅದರೊಳಗೆ ತೆಳು ಲೋಹದ ತಗಡುಗಳ ಒಂದು ಬದಿಯಲ್ಲಿ ಅವರ ಬಿಸಿನೀರು, ಇನ್ನೊಂದು ಬದಿಯಲ್ಲಿ ನಮ್ಮ ನಲ್ಲಿ ನೀರು. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಕೋಣೆಗಳಲ್ಲಿ ಗೋಡೆಗೆ ಹಾಕಿದ, ಒಳಗೆ ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರ್‌ಗಳ ಮೂಲಕ ಮನೆ ಬೆಚ್ಚಗಾಗುತ್ತದೆ.

ಮೀಟರ್ ಅಳೆಯುವುದು ನೀರನ್ನಷ್ಟೇ ಅಲ್ಲ. ಬರುವ ನೀರು ಎಷ್ಟು ಬಿಸಿ, ಹೋಗುವ ನೀರು ಎಷ್ಟು ಬಿಸಿ ಅಂತಲೂ ನೋಡುತ್ತದೆ. ನಾವು ವಾಪಸ್ ಕಳಿಸುವ ನೀರು ಇನ್ನೂ ಬಿಸಿಯಾಗಿದ್ದರೆ ದಂಡದಂತೆ ಜಾಸ್ತಿ ದುಡ್ಡು. ಚೆನ್ನಾಗಿ ತಣಿದಿದ್ದರೆ ಬಿಲ್ಲಿನಲ್ಲಿ ರಿಯಾಯಿತಿ. ಯಾಕೆ ಅಂದರೆ, ತಣಿದ ನೀರು ವಾಪಸ್ ಬಂದರೆ ಕಡಿಮೆ ನೀರು ತಿರುಗಿಸಿದರೂ ಸಾಕು, ಪಂಪಿನ ಕರೆಂಟ್ ಉಳಿಯುತ್ತದೆ, ದಾರಿಯಲ್ಲಿ ಮಣ್ಣಿಗೆ ಸೋರುವ ಶಾಖವೂ ಕಡಿಮೆ. ಹಾಗಾಗಿ ಒಂದೇ ರೇಡಿಯೇಟರನ್ನು ಪೂರ್ತಿ ತಿರುಗಿಸಿ ಉಳಿದವನ್ನು ಮುಚ್ಚಿಡಬಾರದು. ಕೋಣೆಯಲ್ಲಿರುವ ಎಲ್ಲವನ್ನೂ ಸ್ವಲ್ಪ ಸ್ವಲ್ಪ ತೆರೆದಿಡಬೇಕು. ಮೇಲ್ಭಾಗ ಬಿಸಿ, ಕೆಳಭಾಗ ತಣ್ಣಗೆ ಇದ್ದರೆ ಸರಿಯಾಗಿದೆ ಅಂತ ಅರ್ಥ. ಇಲ್ಲಿ ಶಾಲೆಯ ಮಕ್ಕಳೂ ರೇಡಿಯೇಟರ್ ಮುಟ್ಟಿ ಇದನ್ನು ಹೇಳುತ್ತಾರೆ.

ಈ ಹಂಡೆಗೆ ಉರಿ ಎಲ್ಲಿಂದ? ನನಗೆ ತುಂಬ ಇಷ್ಟವಾದ ಭಾಗ ಇದು. ಕೊಳವೆಗೆ ಉರಿ ಯಾವುದು ಅಂತ ಹಂಗಿಲ್ಲ. ಮೊದಲು ಎಣ್ಣೆ, ಕಲ್ಲಿದ್ದಲು ಇತ್ತು. ಈಗ ಒಂದೊಂದು ಊರಲ್ಲಿ ಒಂದೊಂದು. ಕೆಲವೆಡೆ ಗೋಧಿ, ಬಾರ್ಲಿಯ ಒಣಹುಲ್ಲು. ಕೆಲವೆಡೆ ಮರದ ಚೂರು. ಕೋಪನ್‌ಹೇಗನ್‌ನಲ್ಲಿ ಕಸ ಸುಡುವ ದೊಡ್ಡ ಘಟಕ ಇದೆ, ಅದರ ಇಳಿಜಾರು ಛಾವಣಿಯ ಮೇಲೆ 2019ರಿಂದ ಜನ ಸ್ಕೀಯಿಂಗ್ ಮಾಡುತ್ತಾರೆ. ಒಡೆನ್ಸೆಯಲ್ಲಿ ಫೇಸ್‌ಬುಕ್ ಕಂಪನಿಯ ಡೇಟಾ ಸೆಂಟರ್ ಇದೆ. ಅದರ ಸರ್ವರ್‌ಗಳು ಹೊರಹಾಕುವ ಬಿಸಿಗಾಳಿಯಿಂದ ಸಾವಿರಾರು ಮನೆಗಳು ಬೆಚ್ಚಗಾಗುತ್ತವೆ. ನೀವು ಬೆಂಗಳೂರಿನಲ್ಲಿ ಕೂತು ಹಾಕುವ ಲೈಕಿನ ಶಾಖ ಒಡೆನ್ಸೆಯ ಬಚ್ಚಲಿಗೆ ಬಂದರೂ ಬಂದೀತು.

ಕರೆಂಟ್ ಮಾಡುವ ಘಟಕದ ಶಾಖವನ್ನು ಇವರು ಮೊದಲಿನಿಂದ ಹಿಡಿದುಕೊಂಡಿದ್ದೂ ಇದೇ ಕೊಳವೆಗಳಿಂದ. ರಾಯಚೂರಿನ ಶಕ್ತಿನಗರದ ಕಡೆ ಹೋದವರು ಆ ದೊಡ್ಡ ಕೂಲಿಂಗ್ ಟವರ್‌ಗಳನ್ನು ನೋಡಿರುತ್ತೀರಿ. ಕಲ್ಲಿದ್ದಲಿನ ಶಾಖದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಮಾತ್ರ ಕರೆಂಟ್ ಆಗುತ್ತದೆ. ಉಳಿದದ್ದು ಆವಿಯಾಗಿ ಆಕಾಶಕ್ಕೆ. ರಾಯಚೂರಿನ ಬಿಸಿಲಿಗೆ ಮನೆ ಬೆಚ್ಚಗೆ ಮಾಡುವ ಪ್ರಶ್ನೆ ಇಲ್ಲ, ಅಲ್ಲಿ ಬೇರೆ ದಾರಿಯೇ ಬೇಕು. ಇಲ್ಲಿ ಮಾತ್ರ ಆ ಉಳಿದ ಶಾಖವೇ ಚಿನ್ನ.

ನಮಗೆ ಹತ್ತಿರದ ಏರೋ ದ್ವೀಪದಲ್ಲಿ ಮಾರ್ಸ್ತಾಲ್ ಅಂತ ಊರಿದೆ. ಸ್ವೆಂಡ್‌ಬೋರ್ಗ್‌ನಿಂದ ಫೆರ್ರಿ ಹತ್ತಿ ಹೋಗಬೇಕು. ಅಲ್ಲಿ 33,000 ಚದರ ಮೀಟರ್‌ಗಿಂತ ಜಾಸ್ತಿ ಸೋಲಾರ್ ಫಲಕಗಳನ್ನು ಹೊಲದಲ್ಲಿ ನಿಲ್ಲಿಸಿದ್ದಾರೆ. ಕರೆಂಟಿಗಲ್ಲ, ನೀರು ಕಾಯಿಸಲಿಕ್ಕೆ. ಬೆಂಗಳೂರಿನ ಮನೆಗಳ ಮೇಲಿರುವ ಸೋಲಾರ್ ವಾಟರ್ ಹೀಟರ್ ಮಾಡುವ ಕೆಲಸವನ್ನೇ ಊರಿನ ಅಳತೆಯಲ್ಲಿ ಮಾಡುತ್ತಾರೆ. ಬೇಸಿಗೆಯಲ್ಲಿ ಕಾದ ನೀರನ್ನು ದೊಡ್ಡ ಗುಂಡಿಯಲ್ಲಿ ತುಂಬಿ, ಮೇಲೆ ದಪ್ಪ ಹೊದಿಕೆ ಹಾಕಿ ಚಳಿಗಾಲಕ್ಕೆ ಇಡುತ್ತಾರೆ. ಆ ಗುಂಡಿಗಳಲ್ಲಿ ದೊಡ್ಡದು 75,000 ಘನ ಮೀಟರ್ ನೀರು ಹಿಡಿಯುತ್ತದೆ. ಜೂನ್ ತಿಂಗಳ ಬಿಸಿಲು ಡಿಸೆಂಬರ್‌ನಲ್ಲಿ ಮನೆಗೆ ಬರುತ್ತದೆ. ದಂಡೆ ಮೇಲೆ ನಿಂತು ಆ ಹೊದಿಕೆ ನೋಡಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಇಷ್ಟು ಮೋಡದ ದೇಶದಲ್ಲಿ ಇದು ಆಗುತ್ತದೆ ಅಂದರೆ ನಮ್ಮ ಬಯಲುಸೀಮೆಯಲ್ಲಿ ಏನೆಲ್ಲ ಆಗಬಹುದು!

ಇದೆಲ್ಲ ಸುಮ್ನೆ ಆದದ್ದಲ್ಲ. 1973ರಲ್ಲಿ ತೈಲ ಬಿಕ್ಕಟ್ಟು ಬಂದಾಗ ಡೆನ್ಮಾರ್ಕಿನ ಇಂಧನದಲ್ಲಿ ಶೇಕಡ 90ರಷ್ಟು ಹೊರಗಿನಿಂದ ತಂದ ಎಣ್ಣೆಯೇ ಆಗಿತ್ತು. ಆ ನವೆಂಬರ್‌ನಿಂದ ಭಾನುವಾರ ಕಾರು ಓಡಿಸುವುದನ್ನೇ ಸರ್ಕಾರ ನಿಲ್ಲಿಸಿತು. ಪಕ್ಕದ ಮನೆಯ ಅಜ್ಜಿಗೆ ಆಗ ಸಣ್ಣ ವಯಸ್ಸು. ಖಾಲಿ ಹೆದ್ದಾರಿಯಲ್ಲಿ ಸೈಕಲ್ ಹೊಡೆದದ್ದು, ಮನೆಯಲ್ಲಿ ಒಂದೇ ಕೋಣೆ ಬಿಸಿ ಮಾಡಿ ಎಲ್ಲರೂ ಅಲ್ಲೇ ಮಲಗಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಆ ಪೆಟ್ಟು ಬಿದ್ದ ಮೇಲೆ ಕೆಲಸ ಶುರುವಾಯಿತು. 1979ರಲ್ಲಿ ಶಾಖ ಪೂರೈಕೆಗೇ ಒಂದು ಕಾನೂನು ತಂದರು. ಯಾವ ಬಡಾವಣೆಗೆ ಯಾವ ಬಗೆಯ ಶಾಖ ಅಂತ ಊರಿನ ಆಡಳಿತವೇ ಯೋಜನೆ ಹಾಕಬೇಕು. 1985ರಲ್ಲಿ ಅಣುವಿದ್ಯುತ್ ಬೇಡ ಅಂತ ಸಂಸತ್ತು ತೀರ್ಮಾನಿಸಿತು. 1991ರಲ್ಲಿ ವಿಂಡೆಬಿ ಎಂಬಲ್ಲಿ ಸಮುದ್ರದಲ್ಲಿ 11 ಗಾಳಿಯಂತ್ರ ನೆಟ್ಟರು, ಜಗತ್ತಿನಲ್ಲೇ ಮೊದಲು. ಇಂದಿನ ಕಡಲ ಯಂತ್ರ ಒಂದೇ ಆ ಹನ್ನೊಂದನ್ನೂ ಮೀರಿಸುತ್ತದೆ.

1979ರ ಆ ಶಾಖ ಕಾನೂನಿನ ಜೊತೆ ಬಂದ ಒಂದು ನಿಯಮವೇ ಎಲ್ಲಕ್ಕೂ ಬುನಾದಿ ಅಂತ ನನ್ನ ನಂಬಿಕೆ. ಶಾಖ ಮಾರಿ ಲಾಭ ಮಾಡುವಂತಿಲ್ಲ. ಖರ್ಚು ಎಷ್ಟೋ ಅಷ್ಟೇ ವಸೂಲಿ. ದುಡ್ಡು ಉಳಿದರೆ ಮುಂದಿನ ವರ್ಷದ ಬಿಲ್ಲಿನಲ್ಲಿ ಕಡಿಮೆ ಮಾಡಬೇಕು. ದೊಡ್ಡ ನಗರಗಳಲ್ಲಿ ಘಟಕ ನಗರಸಭೆಯದು, ನಮ್ಮಂಥ ಸಣ್ಣ ಊರುಗಳಲ್ಲಿ ಗ್ರಾಹಕರದ್ದೇ ಸಹಕಾರ ಸಂಘ. ಬೆಲೆ ಏರಿದರೆ ಯಾಕೆ ಏರಿತು ಅಂತ ಲೆಕ್ಕ ಬಿಚ್ಚಿ ತೋರಿಸುತ್ತಾರೆ. ಹಾಗಾಗಿ ರಸ್ತೆ ಅಗೆದರೂ ಜನ ಕೂಗಾಡುವುದಿಲ್ಲ. ತಮ್ಮ ಕೊಳವೆ ಅಲ್ವಾ?

ಗಾಳಿಯಂತ್ರದ ಕತೆಯಲ್ಲೂ ಇದೇ ಪಾಠ ಕಾಣುತ್ತದೆ. ಕೋಪನ್‌ಹೇಗನ್‌ಗೆ ವಿಮಾನ ಇಳಿಯುವಾಗ ಸಮುದ್ರದಲ್ಲಿ ಬಿಲ್ಲಿನಂತೆ ಬಾಗಿದ ಒಂದು ಸಾಲು ಕಾಣುತ್ತದೆ. ಅದು ಮಿಡೆಲ್‌ಗ್ರುಂಡನ್, 2000ದಲ್ಲಿ ಕಟ್ಟಿದ್ದು. ಇಪ್ಪತ್ತರಲ್ಲಿ ಹತ್ತು ಯಂತ್ರಗಳು 8,000ಕ್ಕೂ ಜಾಸ್ತಿ ಸದಸ್ಯರ ಸಹಕಾರ ಸಂಘದ್ದು. ಸ್ಯಾಮ್ಸೊ ದ್ವೀಪ 1997ರಲ್ಲಿ ಸರ್ಕಾರ ನಡೆಸಿದ ಸ್ಪರ್ಧೆ ಗೆದ್ದು, ಪೂರ್ತಿ ನವೀಕರಿಸಬಹುದಾದ ಇಂಧನದ ದಾರಿ ಹಿಡಿಯಿತು. ಆಲೂಗಡ್ಡೆ ಬೆಳೆಯುವ ರೈತರ ದ್ವೀಪ ಅದು. ನೆಲದ ಮೇಲೆ 11, ಕಡಲಲ್ಲಿ 10 ಯಂತ್ರ ನೆಟ್ಟರು. ಕಡಲಿನ ಹತ್ತರಲ್ಲಿ ಐದು ಸ್ಥಳೀಯ ಆಡಳಿತದ್ದು, ಉಳಿದವು ರೈತರದು ಮತ್ತು ಸಣ್ಣ ಷೇರುದಾರರದು. ಅಲ್ಲೇ ಹುಟ್ಟಿ ಬೆಳೆದ ಸೋರೆನ್ ಹರ್ಮನ್ಸನ್ ಎಂಬವರು ಸಭೆ ಮೇಲೆ ಸಭೆ ನಡೆಸಿ, ಅನುಮಾನ ಇದ್ದವರ ಜೊತೆ ಕೂತು ಮಾತಾಡಿ ಇದನ್ನು ಮುನ್ನಡೆಸಿದರು.

ಯಂತ್ರಗಳು ದೊಡ್ಡದಾಗಿ, ಒಡೆತನ ದೂರದ ಕಂಪನಿಗಳ ಕೈಗೆ ಹೋದಾಗ ಇದೇ ದೇಶದಲ್ಲಿ ಹಳ್ಳಿಗರ ವಿರೋಧ ಬೆಳೆಯಿತು. ಸದ್ದು ನಮಗೆ, ನೆರಳು ನಮಗೆ, ದುಡ್ಡು ಯಾರಿಗೋ ಅನ್ನುವ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದು ಅಂತಲೇ ನನಗನ್ನಿಸುತ್ತದೆ.

ನನ್ನದು ಚಿತ್ರದುರ್ಗದ ಕಡೆ. ಜೋಗಿಮಟ್ಟಿಯ ಸುತ್ತ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತಲೇ ಬೆಳೆದವಳು. ಅವು ಯಾರವು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಪಕ್ಕದ ಪಾವಗಡದಲ್ಲಿ ಈಗ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ, ಸುಮಾರು 13,000 ಎಕರೆ. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕಿ ಸೋತ ರೈತನಿಗೆ ಇದು ಸಣ್ಣ ಮಾತಲ್ಲ. ಜಮೀನು ಅವನ ಹೆಸರಲ್ಲೇ ಉಳಿಯಿತು, ಅದು ಒಳ್ಳೆಯ ತೀರ್ಮಾನ. ಆದರೆ ಜಮೀನೇ ಇಲ್ಲದ ಕೂಲಿಯವರಿಗೆ ಬಾಡಿಗೆ ಇಲ್ಲ, ಹೊಲದ ಕೆಲಸವೂ ಹೋಯಿತು. ಫಲಕಗಳಲ್ಲಿ ಆ ಹಳ್ಳಿಗಳಿಗೆ, ಅದರಲ್ಲೂ ಆ ಕೂಲಿಯವರಿಗೆ, ಒಂದು ಸಣ್ಣ ಪಾಲಾದರೂ ಇದ್ದಿದ್ದರೆ? ಹಾಲಿನ ಸಂಘ ಊರೂರಲ್ಲಿ ಕಟ್ಟಿ ನಡೆಸುತ್ತಿರುವ ಜನ ನಾವು. ಬಿಸಿಲಿನ ಸಂಘ ಕಟ್ಟಲಿಕ್ಕೆ ಬಾರದೆ ಇರುತ್ತದಾ?

ಇಲ್ಲಿ ಎಲ್ಲವೂ ಸರಿಯಾಗಿದೆ ಅಂದುಕೊಳ್ಳಬೇಡಿ. ಕಲ್ಲಿದ್ದಲು ಬಿಟ್ಟ ಅನೇಕ ಘಟಕಗಳು ಮರದ ಚೂರಿಗೆ, ಮರದ ಪುಡಿ ಒತ್ತಿ ಮಾಡಿದ ಪೆಲೆಟ್ ಗುಳಿಗೆಗೆ ಬಂದು ನಿಂತವು. ಅದರಲ್ಲಿ ತುಂಬ ಭಾಗ ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಮರ ಮತ್ತೆ ಬೆಳೆಯುತ್ತದೆ, ಹಾಗಾಗಿ ಲೆಕ್ಕದಲ್ಲಿ ಇದು ಶುದ್ಧ. ಆದರೆ ಸುಟ್ಟ ಮರದ ಹೊಗೆ ಇವತ್ತೇ ಗಾಳಿಗೆ ಸೇರುತ್ತದೆ, ಹೊಸ ಮರ ಬೆಳೆಯಲು ದಶಕಗಳು ಬೇಕು. ಇದು ಕೊನೆಯ ನಿಲ್ದಾಣ ಆಗಬಾರದು. ದಾರಿ ಈಗ ಹೀಟ್ ಪಂಪ್ ಕಡೆಗೆ ತಿರುಗಿದೆ. ಫ್ರಿಜ್ ನಡೆಯುವ ತತ್ವವೇ: ಹೊರಗಿನ ಗಾಳಿ ಅಥವಾ ನೀರಿನಲ್ಲಿರುವ ಶಾಖವನ್ನು ಎಳೆದು ಒಳಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ. ಎಸ್ಬ್ಯೆರ್ಗ್ ಬಂದರಿನಲ್ಲಿ ಕಲ್ಲಿದ್ದಲು ಘಟಕ 2024ರಲ್ಲಿ ಮುಚ್ಚಿತು, ಅಲ್ಲಿ ಈಗ ದೊಡ್ಡ ಹೀಟ್ ಪಂಪ್ ಸಮುದ್ರದ ನೀರಿನಿಂದಲೇ ಶಾಖ ತೆಗೆಯುತ್ತದೆ.

ಇನ್ನು ಕರೆಂಟ್. ಅದು ಇಲ್ಲಿ ಅಗ್ಗ ಅಲ್ಲ, ತೆರಿಗೆಯೂ ಸೇರಿ ಯುರೋಪಿನಲ್ಲೇ ದುಬಾರಿಯ ಸಾಲಿನಲ್ಲಿ ಇರುತ್ತಾ ಬಂದಿದೆ. ನಮ್ಮ ದರ ದಿನವಿಡೀ ಬದಲಾಗುತ್ತಲೇ ಇರುತ್ತದೆ, ನಾಳೆಯ ದರ ಇವತ್ತು ಮಧ್ಯಾಹ್ನವೇ ಆಪ್‌ನಲ್ಲಿ ಬರುತ್ತದೆ. ಸಂಜೆ 5ರಿಂದ 9 ತುಂಬ ಜಾಸ್ತಿ. ಗಾಳಿ ಬೀಸುವ ರಾತ್ರಿ ಮತ್ತು ಬಿಸಿಲಿನ ಮಧ್ಯಾಹ್ನ ಕಡಿಮೆ. ಹಾಗಾಗಿ ಬಟ್ಟೆ, ಪಾತ್ರೆ ತೊಳೆಯುವ ಯಂತ್ರಗಳು ರಾತ್ರಿ ಓಡುತ್ತವೆ, ದೋಸೆ ಹಿಟ್ಟಿನ ಗ್ರೈಂಡರ್ ಭಾನುವಾರ ಮಧ್ಯಾಹ್ನ. ಇಲ್ಲಿ ಸೇರಿದ ಕನ್ನಡದ ಗೆಳತಿಯರ ಮಾತಿನಲ್ಲೂ ಈಗ "ಇವತ್ತು ಗಾಳಿ ಚೆನ್ನಾಗಿದೆ, ರುಬ್ಬಿಬಿಡು" ಅನ್ನುವುದು ಬಂದಿದೆ.

ಶಾಖ ಎಲ್ಲಿಂದ ಬಂದರೂ ಅದನ್ನು ಹಿಡಿದಿಡುವುದು ಗೋಡೆ. ಇಲ್ಲಿ ಮನೆ ಮಾರುವಾಗ ಫ್ರಿಜ್‌ಗೆ ಇರುವಂತೆ ಮನೆಗೂ ಇಂಧನದ ದರ್ಜೆ ಕೊಡಬೇಕು, ಎ ಇಂದ ಜಿ ತನಕ. ನಮ್ಮದು ಹಳೆಯ ಇಟ್ಟಿಗೆ ಮನೆ. ಎರಡು ಪದರದ ಗೋಡೆ, ನಡುವೆ ಖಾಲಿ ಜಾಗ. ಆ ಜಾಗಕ್ಕೆ ಸಣ್ಣ ತೂತುಗಳ ಮೂಲಕ ಕಲ್ಲುಣ್ಣೆಯ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ಚೂರು ಊದಿಸಿದೆವು, ಕಿಟಕಿಗಳಿಗೆ ಮೂರು ಪದರದ ಗಾಜು ಹಾಕಿಸಿದೆವು. ಶಾಖದ ಬಿಲ್ಲಿಗಿಂತ ಮೊದಲು ವ್ಯತ್ಯಾಸ ಗೊತ್ತಾಗಿದ್ದು ಕಿಟಕಿ ಪಕ್ಕ ಕೂತಾಗ. ಅಲ್ಲಿ ಬೀಸುತ್ತಿದ್ದ ಕುಳಿರ್ಗಾಳಿ ನಿಂತೇಹೋಯಿತು.

ಈ ವಸಂತದಲ್ಲಿ ನಮ್ಮ ಶಾಖ ಸಂಘದ ವಾರ್ಷಿಕ ಸಭೆ ನಡೆಯಿತು. ಶಾಲೆಯ ಹಾಲ್, ಕಾಫಿ, ಕೇಕ್, ದಪ್ಪ ಲೆಕ್ಕಪತ್ರ. ಮನೆಗೊಂದು ಮತ. ಮರದ ಚೂರಿನ ಬಾಯ್ಲರ್ ಹಳತಾಗಿದೆ, ಹೊಸ ಬಾಯ್ಲರ್ ಹಾಕುವುದಾ ಅಥವಾ ಗಾಳಿಯಿಂದ ಶಾಖ ಎಳೆಯುವ ದೊಡ್ಡ ಹೀಟ್ ಪಂಪಿಗೆ ಸಾಲ ಮಾಡುವುದಾ ಅಂತ ಚರ್ಚೆ. ಒಬ್ಬ ರೈತರು ಎದ್ದು ನಿಂತು, ತಮ್ಮ ಕಾಡಿನ ಚೂರು ಕೊಳ್ಳುವವರು ಯಾರು ಅಂತ ಕೇಳಿದರು. ಒಬ್ಬ ಯುವತಿ ಪಂಪಿನ ಸದ್ದು ತಮ್ಮ ಮನೆಗೆ ಕೇಳಿಸುತ್ತದಾ ಅಂದರು. ಎರಡಕ್ಕೂ ಉತ್ತರ ಸಿಗುವ ತನಕ ಮತ ಹಾಕಲಿಲ್ಲ. ಸದ್ದು ತಡೆಯುವ ಗೋಡೆಯ ಖರ್ಚನ್ನು ಯೋಜನೆಗೇ ಸೇರಿಸಿದರು. ಆಮೇಲೆ ಕೈ ಎತ್ತಿದಾಗ ಪಂಪಿನ ಕಡೆಗೇ ಜಾಸ್ತಿ ಕೈಗಳು, ಅದರಲ್ಲಿ ನನ್ನದೂ ಒಂದು. ಹಳೆಯ ಬಾಯ್ಲರನ್ನು ಕಿತ್ತು ಹಾಕುವುದಿಲ್ಲ. ಗಾಳಿಯೂ ಇಲ್ಲದ, ಕರೆಂಟೂ ದುಬಾರಿಯಾದ ಕಡು ಚಳಿಯ ವಾರಗಳಿಗೆ ಇರಲಿ ಅಂತ ಉಳಿಸಿಕೊಳ್ಳುತ್ತಾರೆ. ಆ ವಾರಗಳಿಗೆ ಬೇಕಾದ ಚೂರನ್ನು ಅದೇ ರೈತರಿಂದ ಕೊಳ್ಳುವುದು ಅಂತಲೂ ಸಭೆಯ ಪುಸ್ತಕದಲ್ಲಿ ಬರೆದರು.